ಸರ್ ಅಳಿಸಿದ ಸಾಲುಗಳು

ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮನೋಳಿ ಕಡೆಗೆ ಹೋಗುವ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ಬಂದು ಕುಳಿತ ಗಂಡಸು ಜೇಬಿನಿಂದ ಗುಟ್ಕಾ ಪ್ಯಾಕೆಟ್ ತೆಗೆದ, ಹಲ್ಲಿನಿಂದ ಅದರ ತುದಿ ಹರಿದ, ತಲೆ ಹಿಂದಕ್ಕೆ ಚೆಲ್ಲಿ ಪೂರ್ತಿ ಬಾಯಿಗೆ ಸುರಿದುಕೊಂಡ. ಅತ್ತರು, ಸುಣ್ಣ, ಕಾಚು, ಒದ್ದೆ ತಂಬಾಕು ಎಲ್ಲ ಕೂಡಿದ ಆ ಸಿಹಿಸಿಹಿಯಾದ ಕೊಳಕು ವಾಸನೆ ಮೂಗಿಗೆ ಬಡಿಯಿತು. ಎದ್ದು ಆಚೆ ತುದಿಯ ಕಲ್ಲುಬೆಂಚಿಗೆ ಹೋಗಿ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಕುಳಿತೆ. ಏನೂ ಉಪಯೋಗವಾಗಲಿಲ್ಲ. ಬೈಲಹೊಂಗಲದ ಆ ಕೋಣೆ, ಆ ಮೇಜು, ಆ ಬಾಯಿ... ಎಲ್ಲ ಮೂಗಿನೊಳಗೇ ಬಂದು ಕುಳಿತುಬಿಟ್ಟಿದ್ದವು.

ಸರ್ ತೀರಿಕೊಂಡ ಸುದ್ದಿ ಹಿಂದಿನ ದಿನವಷ್ಟೇ ಬಂದಿತ್ತು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಹಾರ ಹಾಕಿದ ಫೋಟೋ, ಕೆಳಗೆ ಸಾಲುಸಾಲು ಮುಗಿದ ಕೈಗಳು. ನಮ್ಮ ಬಾಳಿಗೆ ದಾರಿ ತೋರಿಸಿದ ಗುರು ಎಂದು ಒಬ್ಬ ಬರೆದಿದ್ದ. ಎದೆನೋವು ಬಂದು, ಆಸ್ಪತ್ರೆ ಮುಟ್ಟುವುದರೊಳಗೆ ಹೋದರಂತೆ. ನೀವೂ ನಾಲ್ಕು ಮಾತು ಬರೀರಿ ಮೇಡಂ, ಸರ್‌ಗೆ ನಿಮ್ಮ ಮೇಲೆ ಬಹಳ ಅಭಿಮಾನ ಇತ್ತು ಎಂದು ಇನ್ನೊಬ್ಬಳು ಕೇಳಿದ್ದಳು. ಫೋನನ್ನು ಬೋರಲಾಗಿ ಇಟ್ಟುಬಿಟ್ಟೆ. ಅವಳು ಕೇಳಿದ ನಾಲ್ಕು ಮಾತು ಇವಲ್ಲ. ಆದರೆ ನನಗೆ ಬರುವುದು ಇವೇ.

ನಾನು ಸಂಗೊಳ್ಳಿಯವಳು. ಬಿಸಿಎ ಮುಗಿಸಿದ ಮೇಲೆ ಮುಂದೇನು ಎಂದು ತಿಳಿಯದೆ ಮನೆಯಲ್ಲಿ ಕುಳಿತಿದ್ದಾಗ, ಬೈಲಹೊಂಗಲದಲ್ಲಿ ಒಬ್ಬ ಸರ್ ವೆಬ್‌ಸೈಟ್ ಮಾಡುವುದನ್ನು ಕಲಿಸಿ ಅಲ್ಲೇ ಕೆಲಸವನ್ನೂ ಕೊಡುತ್ತಾರಂತೆ ಎಂದು ಯಾರೋ ಹೇಳಿದರು. ಅಪ್ಪನೇ ತನ್ನ ಟೆಂಪೋದಲ್ಲಿ ಕರೆದುಕೊಂಡು ಹೋಗಿ ಸೇರಿಸಿ ಬಂದ. ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆ ಅದು. ಮೆಟ್ಟಿಲು ಹತ್ತುವಾಗ ಕ್ರಿಮಿನಾಶಕದ ಘಾಟು, ಬಾಗಿಲು ತೆರೆದರೆ ಗುಟ್ಕಾದ ವಾಸನೆ. ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ಕೆಲಸ. ಶಾಲೆಗಳು, ಕಲ್ಯಾಣಮಂಟಪಗಳು, ಟ್ರ್ಯಾಕ್ಟರ್ ಶೋರೂಮುಗಳು... ಸುತ್ತಮುತ್ತಲಿನ ಎಲ್ಲರಿಗೂ ಆಗ ಒಂದೊಂದು ವೆಬ್‌ಸೈಟ್ ಬೇಕಾಗಿತ್ತು. ನಾವು ಕೆಲವು ಹುಡುಗಿಯರು ಸಾಲಾಗಿ ಗೋಡೆಗೆ ಮುಖ ಮಾಡಿ ಕುಳಿತು ಟೈಪು ಮಾಡುತ್ತಿದ್ದೆವು. ನಮ್ಮ ಬೆನ್ನು ಕಾಣುವಂತೆ ಸರ್ ಅವರ ಮೇಜು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಅವರು ಪಾಠ ಚೆನ್ನಾಗಿ ಹೇಳುತ್ತಿದ್ದರು. ಇದನ್ನು ಬರೆಯುವಾಗಲೂ ನನಗೆ ಹೇಸಿಕೆಯಾಗುತ್ತದೆ, ಆದರೆ ಅದು ನಿಜ. ಆ ಕಾಲಕ್ಕೆ ವೆಬ್‌ಪುಟಕ್ಕೆ ಹೊಸ ಅಲಂಕಾರ ಏನೇ ಮಾಡಬೇಕಾದರೂ, ಅಂದರೆ ಚೌಕದ ಮೂಲೆ ದುಂಡಗೆ ಮಾಡಲಿ, ಚಿತ್ರ ಸರಿಸಲಿ, ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಲಿ, ಒಂದೊಂದು ಬ್ರೌಸರ್ ಸಾಲಿನ ಮುಂದೆ ತನ್ನದೇ ಆದ ಒಂದು ಗುರುತಿನ ಪದ, ಪ್ರಿಫಿಕ್ಸ್, ಕೇಳುತ್ತಿತ್ತು. ಒಂದಕ್ಕೆ ಮುಂದೆ ವೆಬ್‌ಕಿಟ್ ಎಂದು ಹಚ್ಚಬೇಕು, ಇನ್ನೊಂದಕ್ಕೆ ಮೊಜ್, ಮತ್ತೊಂದಕ್ಕೆ ಎಂಎಸ್. ಅದೇ ಸಾಲು, ಅದೇ ಅರ್ಥ, ಆದರೆ ಮತ್ತೆ ಮತ್ತೆ ಬರೆಯಬೇಕು. ಒಂದನ್ನು ಮರೆತರೆ ಎಲ್ಲೋ ಯಾರದೋ ಫೋನಿನಲ್ಲಿ ಪುಟ ಚೆಲ್ಲಾಪಿಲ್ಲಿ. ನಮಗೆ ಇದು ತಲೆಗೆ ಹತ್ತದೆ ಪೇಚಾಡುತ್ತಿದ್ದಾಗ ಸರ್ ಬೋರ್ಡಿನ ಮುಂದೆ ನಿಂತು ಹೇಳಿದ್ದರು.

"ನೋಡ್ರವಾ, ಬ್ರೌಸರ್ ಅಂದ್ರ ಬೀಗರಿದ್ದಂಗ. ಒಂದೊಂದು ಮನಿಯವರಿಗೆ ಒಂದೊಂದು ರೀತಿ ಮರ್ಯಾದಿ ಆಗಬೇಕು. ಒಬ್ಬರಿಗೆ ಬರ್ರಿ ಅಂದ್ರ ಸಾಕು, ಒಳಗ ಬರ್ತಾರ. ಇನ್ನೊಬ್ಬರಿಗೆ ಕಾಲಿಗೆ ನೀರ ಕೊಡಬೇಕು. ಕೊಡಲಿಲ್ಲಂದ್ರ ಬಾಗಲದಾಗ ನಿಂತು ಮಾರಿ ತಿರುವಿ ಹೋಗ್ತಾರ."

ನಾವೆಲ್ಲ ನಕ್ಕಿದ್ದೆವು. ಅವತ್ತು ಮನಸ್ಸಿಗೆ ಇಳಿದದ್ದು ಇವತ್ತಿಗೂ ಮರೆತಿಲ್ಲ.

ಆ ಪ್ರಿಫಿಕ್ಸ್‌ಗಳನ್ನು ತಾನೇ ಹಚ್ಚುವ ಟೂಲ್ ಆಗಲೇ ಬಂದಿತ್ತು. ಯಾವ ಯಾವ ಬ್ರೌಸರಿಗೆ ಬೇಕು ಎಂದು ಹೇಳಿಕೊಟ್ಟರೆ ಸಾಕು, ನಾವು ಬರೆದ ಒಂದು ಸಾಲಿಗೆ ಬೇಕಾದ ಎಲ್ಲ ಸಾಲುಗಳನ್ನು ಅದೇ ಸೇರಿಸುತ್ತಿತ್ತು, ಹಳತಾದ, ಬೇಡವಾದ ಸಾಲುಗಳನ್ನು ಅದೇ ಕಿತ್ತು ಹಾಕುತ್ತಿತ್ತು. ನಾನು ಎಲ್ಲೋ ಓದಿ ಬಂದು ಸರ್‌ಗೆ ಹೇಳಿದೆ. ಅವರು ಮೇಜಿನ ಮೇಲಿನ ಕಪ್ಪಿಗೆ ಉಗುಳಿ, ಅಂಗೈಯಿಂದ ತುಟಿ ಒರೆಸಿಕೊಂಡು, "ಅವೆಲ್ಲ ಸೋಮಾರಿ ಮಂದಿ ಕೆಲಸ. ಕೈಯಿಂದ ಬರೀರಿ. ಬೆರಳಿಗೆ ಗೊತ್ತಾಗಬೇಕು ವಿದ್ಯಾ" ಎಂದರು. ನನಗೆ ನಾಚಿಕೆಯಾಯಿತು. ಎಂಥ ಗುರು ಸಿಕ್ಕಿದ್ದಾರೆ ಎಂದುಕೊಂಡೆ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಮೊಣಕಾಲಿನ ಮೇಲೆ ಬೆರಳಾಡಿಸುತ್ತ ಆ ಸಾಲುಗಳನ್ನು ಮನಸ್ಸಿನಲ್ಲೇ ಟೈಪು ಮಾಡುತ್ತಿದ್ದೆ.

ಆ ಕಪ್ಪಿನ ಬಗ್ಗೆ ಹೇಳಬೇಕು. ಒಂದು ಕಾಲಕ್ಕೆ ಚಹದ ಪಿಂಗಾಣಿ ಕಪ್ಪಾಗಿದ್ದಿರಬೇಕು, ಅದರ ಕಿವಿ ಮುರಿದಿತ್ತು. ಸರ್ ಅವರ ಕೀಬೋರ್ಡಿನ ಪಕ್ಕದಲ್ಲೇ ಇರುತ್ತಿತ್ತು. ಕಿಟಕಿಗೆ ಎದ್ದು ಹೋಗುವ ಬೇಸರಕ್ಕೆ ದಿನವಿಡೀ ಅದರಲ್ಲೇ ಉಗುಳುತ್ತಿದ್ದರು. ಸಂಜೆಯ ಹೊತ್ತಿಗೆ ಅದರೊಳಗೆ ಕೆಂಪಗೆ, ಮಂದವಾಗಿ, ಅಡಿಕೆಯ ಚೂರು ತೇಲುವ... ಬೇಡ. ಊಟದ ಡಬ್ಬಿ ಬಿಚ್ಚುವಾಗ ನಾವು ಆ ಕಡೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಿದ್ದೆವು. ಮೊದಲು ಕಸ ಹೊಡೆಯಲು ಬರುತ್ತಿದ್ದ ಮುದುಕಿ ಅದನ್ನು ತೊಳೆಯುತ್ತಿದ್ದಳು. ಆಕೆ ಬಿಟ್ಟು ಹೋದ ಮೇಲೆ ಸರ್ ಅವರೇ ಮುಖ ಸಿಂಡರಿಸಿಕೊಂಡು ಮೋರಿಗೆ ಸುರಿದು ಬರುತ್ತಿದ್ದರು.

ನನ್ನ ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂರುತ್ತಿದ್ದಳು. ಸ್ವಂತ ಅಕ್ಕ ಅಲ್ಲ. ಮನೋಳಿಯವಳು, ನನಗಿಂತ ದೊಡ್ಡವಳು, ಬೈಲಹೊಂಗಲದಲ್ಲಿ ಮಾವಶಿಯ, ಅಂದರೆ ತಾಯಿಯ ತಂಗಿಯ, ಮನೆಯಲ್ಲಿದ್ದುಕೊಂಡು ಬರುತ್ತಿದ್ದಳು. ನನ್ನಂತೆ ಸರಸರ ಟೈಪು ಮಾಡುತ್ತಿರಲಿಲ್ಲ. ಒಂದೊಂದು ಸಾಲನ್ನೂ ತುಟಿಯಲ್ಲಿ ಹೇಳಿಕೊಂಡು ಬರೆಯುತ್ತಿದ್ದಳು, ಮುಗಿಸಿದ ಮೇಲೆ ಮೇಲಿಂದ ಕೆಳಗೆ ಒಮ್ಮೆ ಬೆರಳಿಟ್ಟು ನೋಡುತ್ತಿದ್ದಳು. ಅವಳ ಡಬ್ಬಿಯ ಶೇಂಗಾ ಹಿಂಡಿ, ನಮ್ಮ ಮನೆಯ ರೊಟ್ಟಿ ಎರಡೂ ಕೂಡಿಸಿ ಉಣ್ಣುತ್ತಿದ್ದೆವು. ಸವದತ್ತಿಯಲ್ಲಿ ಒಂದು ಚಿಕ್ಕ ಕೋಣೆ ಹಿಡಿದು ತನ್ನದೇ ವೆಬ್‌ಸೈಟ್ ಕೆಲಸ ಶುರು ಮಾಡಬೇಕು, ತಂಗಿಯನ್ನೂ ಜೊತೆಗೆ ಕೂರಿಸಿಕೊಳ್ಳಬೇಕು ಎಂಬುದು ಅವಳ ಆಸೆ. ಬೋರ್ಡಿಗೆ ಯಾವ ಬಣ್ಣ ಎನ್ನುವುದನ್ನೂ ಯೋಚಿಸಿಟ್ಟಿದ್ದಳು.

ಒಮ್ಮೆ ಅವಳಿಗೆ ಜ್ವರ ಬಂದು ರಜೆ ಹಾಕಿದ್ದಾಗ, ಯಾವುದೋ ಕೆಲಸದ ಪೆನ್‌ಡ್ರೈವ್ ಅವಳ ಹತ್ತಿರ ಉಳಿದಿದೆ ಎಂದು ಸರ್ ಅವರೇ ಮಾವಶಿಯ ಮನೆಗೆ ಹೋದರು. ಆ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ಬಾಗಿಲಲ್ಲೇ ನಿಂತು ಪೆನ್‌ಡ್ರೈವ್ ಇಸಿದುಕೊಂಡರಂತೆ, ನೀರು ಕೊಟ್ಟರೆ ಬೇಡವೆಂದರಂತೆ. ಅಕ್ಕ ಜ್ವರ ಬಿಟ್ಟು ಕೆಲಸಕ್ಕೆ ಬಂದ ದಿನ, ಸಂಜೆ ಎಲ್ಲರೂ ಚೀಲ ಎತ್ತಿಕೊಳ್ಳುತ್ತಿದ್ದಾಗ, ಸರ್ ಆ ಕಪ್ಪನ್ನು ಬೆರಳ ತುದಿಯಿಂದ ಮೇಜಿನ ಅಂಚಿಗೆ ನೂಕಿದರು.

"ಇವತ್ತಿನಿಂದ ಇದು ನಿನ್ನ ಕಡೆ ಇರಲಿ. ನಿನಗ ರೂಢಿ ಇರ್ತೈತಿ."

ನಗುತ್ತಲೇ ಹೇಳಿದರು, ಪಾಠ ಹೇಳುವ ಅದೇ ದನಿಯಲ್ಲಿ. ಅಕ್ಕ ಕಪ್ಪು ಎತ್ತಿಕೊಂಡು ಹೊರಗೆ ಹೋದಳು. ಮರುದಿನ ಬೆಳಿಗ್ಗೆಯೇ ಸರ್ ಮುಂದೆ ಹೋಗಿ ನಿಂತು, ಒಬ್ಬೊಬ್ಬರು ಒಂದೊಂದು ದಿನ ತೊಳೀತೇವ್ರಿ ಸರ್, ಒಬ್ಬಾಕಿಗೇ ಯಾಕ್ರಿ ಎಂದೆ.

"ನೀ ಯಾಕ ತೊಳೀಬೇಕವಾ? ನಿಮ್ಮಪ್ಪಗ ಗೊತ್ತಾದ್ರ ನನ್ನ ಸುಮ್ನ ಬಿಟ್ಟಾನೇನು?" ಎಂದು ಕಣ್ಣು ಮಿಟುಕಿಸಿದರು. ನಾನೂ ಅವರೂ ಒಂದೇ ಕಡೆಯವರು ಎಂಬಂತೆ. ಆ ಕಣ್ಣು ಮಿಟುಕಿಸಿದ್ದು ಇವತ್ತಿಗೂ ನನ್ನ ಮೈಮೇಲೆ ಜಿಗುಟಾಗಿ ಅಂಟಿಕೊಂಡಿದೆ.

ಅಕ್ಕ ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಹೇಳಿದಳು. "ನನ್ನ ಸಲುವಾಗಿ ಜಗಳಾ ತಗೀಬ್ಯಾಡ. ನಾ ಇಲ್ಲಿ ಕಲಿಯಾಕ ಬಂದೇನಿ. ಕಲತು ಹೋಗ್ತೇನಿ, ಅಷ್ಟ."

ಆಮೇಲೆ ಅವಳ ನೀರಿನ ಲೋಟ ಬೇರೆಯಾಯಿತು. ಯಾರೂ ಹೇಳಲಿಲ್ಲ, ಒಂದು ದಿನ ಅದು ಕಿಟಕಿಯ ಕಟ್ಟೆಯ ಮೇಲೆ ಒಂಟಿಯಾಗಿ ಇತ್ತು. ನಾನು ಬೇಕೆಂದೇ ಅದರಲ್ಲೇ ಕುಡಿಯುತ್ತಿದ್ದೆ. ಸರ್ ನೋಡಿಯೂ ನೋಡದಂತೆ ಅಡಿಕೆ ಅಗಿಯುತ್ತಿದ್ದರು.

ಅಷ್ಟರಲ್ಲಿ ಉಗರಗೋಳದ ಯಾತ್ರಿನಿವಾಸವೊಂದರ ಮಾಲೀಕರು ಬಂದರು. ದೇವಿಯ ಗುಡ್ಡಕ್ಕೆ ಬರುವ ಭಕ್ತರು ಫೋನಿನಿಂದಲೇ ಕೋಣೆ ಹಿಡಿಯುವಂತೆ ಸೈಟ್ ಆಗಬೇಕು, ಹುಣ್ಣಿಮೆಯ ಜಾತ್ರೆಯೊಳಗೆ ಆಗಬೇಕು ಎಂದರು. ಉಳಿದವರೆಲ್ಲ ಬೇರೆ ಕೆಲಸದಲ್ಲಿದ್ದುದರಿಂದ ಸರ್ ಅದನ್ನು ಅಕ್ಕನಿಗೆ ಪೂರ್ತಿ ಒಪ್ಪಿಸಿದರು. ಚೆನ್ನಾಗಿ ಮಾಡಿದರೆ ಪುಟದ ಕೆಳಗೆ ನಿನ್ನದೇ ಹೆಸರು ಹಾಕಿಸುತ್ತೇನೆ ಎಂದೂ ಹೇಳಿದರು. ಆ ಹೆಸರಿಗಾಗಿ ಅಕ್ಕ ಏನು ಬೇಕಾದರೂ ಮಾಡುತ್ತಿದ್ದಳು. ಅದನ್ನು ತೋರಿಸಿ ಸವದತ್ತಿಯಲ್ಲಿ ಕೆಲಸ ಕೇಳಬಹುದಲ್ಲ.

ಒಂದು ರವಿವಾರ ಅವಳು ಉಗರಗೋಳಕ್ಕೆ ಹೋಗಿ, ಬಳೆ, ಅರಿಶಿನ ಭಂಡಾರದ ಅಂಗಡಿಗಳ ಹತ್ತಿರ ಸುಮ್ಮನೆ ಕುಳಿತು, ಬಂದವರ ಕೈಯಲ್ಲಿ ಎಂಥ ಫೋನುಗಳಿವೆ ಎಂದು ನೋಡಿಕೊಂಡು ಬಂದಳು. "ಅಲ್ಲೆಲ್ಲಾ ಹಳೇ ಫೋನ ಅದಾವು. ಗಾಜು ಒಡದಾವು, ರಬ್ಬರ್ ಹಾಕಿ ಕಟ್ಟ್ಯಾರ. ಅವರಿಗೂ ಕಾಣಬೇಕಲ್ಲ? ಹಳೇ ಸಾಲನೂ ಎಲ್ಲಾ ಬರೀತೇನಿ" ಎಂದಳು. ಹಾಗೇ ಬರೆದಳು. ಕೋಣೆ ಕಾಯ್ದಿರಿಸುವ ಬಟನ್ನಿಗೆ ಭಂಡಾರದ ಹಳದಿ ಬಣ್ಣ ಕೊಟ್ಟಿದ್ದಳು. ನಮ್ಮಪ್ಪನ ಹಳೆಯ ಫೋನನ್ನು ನಾನು ಕೇಳಿ ತಂದಿದ್ದೆ. ಅದರಲ್ಲಿ ತೆರೆದು ನೋಡಿದರೆ ಬಟನ್ ಇರಬೇಕಾದ ಜಾಗದಲ್ಲೇ ಇತ್ತು. ಇಬ್ಬರೂ ಮತ್ತೆ ಮತ್ತೆ ಒತ್ತಿ ನೋಡಿ ನಕ್ಕಿದ್ದೆವು. ಆ ಕೋಣೆಯಲ್ಲಿ ಅಕ್ಕ ಬಾಯ್ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ಕೆಲಸವನ್ನು ಸರ್ ಕೈಗೆ ಒಪ್ಪಿಸಿದಳು. ನೆಟ್ಟಿಗೆ ಏರಿಸುವುದು ಯಾವಾಗಲೂ ಅವರೇ.

ಹುಣ್ಣಿಮೆ ಬಂತು, ಹೋಯಿತು. ಅದಾದ ಮೇಲೆ ಮಾಲೀಕರು ಮೆಟ್ಟಿಲು ಧಡಧಡ ಹತ್ತಿ ಬಂದರು, ಕುಳಿತುಕೊಳ್ಳಲೂ ಇಲ್ಲ.

"ಎಂಥಾ ಸೈಟ್ ಮಾಡೀರಿ ನೀವು? ಬಟನ್ನ ಇಲ್ಲ ಅದರಾಗ! ಕೌಂಟರ್ ಬಂದ್ ಮಾಡಿ, ಎಲ್ಲಾ ಫೋನಿನಾಗ ಬುಕ್ ಮಾಡ್ರಿ ಅಂತ ಬೋರ್ಡ್ ಹಾಕಿಸಿ ಕುಂತೇನಿ ನಾ. ಒಳಗ ರೂಮ್ ಖಾಲಿ ಅದಾವು, ಹೊರಗ ಮಂದಿ ಥಂಡ್ಯಾಗ ಮಲಗ್ಯಾರ. ಬಾಣಂತಿ ಒಬ್ಬಾಕಿ ಕೂಸಿನ್ನ ಎದಿಗವಚಿಕೊಂಡು ನನ್ನ ಗೇಟಿನ ಮುಂದ ಕುಂತಿದ್ಲು ರಾತ್ರೆಲ್ಲಾ!"

ತಮ್ಮ ಡ್ರೈವರನ ಫೋನನ್ನು ಮೇಜಿನ ಮೇಲೆ ಇಟ್ಟರು. ಸರ್ ಅದನ್ನು ನೋಡಿದರು. ಬಟನ್ ಪರದೆಯ ಅಂಚಿನಾಚೆ ಸರಿದು ಹೋಗಿ, ಹಳದಿಯ ಒಂದು ಎಳೆ ಮಾತ್ರ ಕಾಣುತ್ತಿತ್ತು. ನಾನು ಸರ್ ಅವರ ಮುಖವನ್ನೇ ನೋಡುತ್ತಿದ್ದೆ. ಅಗಿಯುತ್ತಿದ್ದ ದವಡೆ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ನಿಧಾನಕ್ಕೆ ಅಗಿಯತೊಡಗಿತು. ಕಪ್ಪಿಗೆ ಉಗುಳಿ ಅಕ್ಕನನ್ನು ಕರೆದರು.

"ಇಕೀನ ನೋಡ್ರಿ ಮಾಡಿದಾಕಿ. ಹಳೇ ಫೋನಿನ ಸಾಲು ಬಿಟ್ಟಾಳ. ನಂಬಿ ಕೊಟ್ಟಿದ್ದು ನಂದ ತಪ್ಪಾತು. ಸಾಹೇಬ್ರ ಕಾಲಿಗೆ ಬೀಳವಾ."

"ನಾ ಬಿಟ್ಟಿಲ್ರಿ ಸರ್," ಎಂದಳು ಅಕ್ಕ. "ಎಲ್ಲಾ ಬರದೇನ್ರಿ."

ನಾನು ಎದ್ದು ನಿಂತೆ. "ಹೌದ್ರಿ ಸರ್. ನಾ ನೋಡೇನ್ರಿ, ನಮ್ಮಪ್ಪನ ಫೋನಿನಾಗ ಬಟನ್ ಇತ್ರಿ."

"ನೀ ಕುಂದ್ರು," ಎಂದರು ನನಗೆ. ಅವಳ ಕಡೆ ತಿರುಗಿ, "ಬೀಳಂದ್ರ ಬೀಳು. ಎದುರು ಮಾತಾಡೂದು ನಿಮ್ಮ ಮನ್ಯಾಗ."

ಅಕ್ಕ ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. ಆಮೇಲೆ ಬಾಗಿದಳು. ಅವಳ ಕೈ ಮುಟ್ಟುವ ಮೊದಲೇ ಮಾಲೀಕರು ಬ್ಯಾಡ ಬ್ಯಾಡ ಎನ್ನುತ್ತ ಕಾಲು ಹಿಂದಕ್ಕೆ ಎಳೆದುಕೊಂಡರು. ಸಂಕೋಚಕ್ಕೆ ಎಳೆದುಕೊಂಡರೋ, ಮೈಲಿಗೆಗೆ ಎಳೆದುಕೊಂಡರೋ... ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕನ ಅಂಗೈ ಬರೀ ನೆಲವನ್ನು ಮುಟ್ಟಿತು.

ಅವಳು ಎದ್ದಳು. ಸರ್ ಅವರ ಕೀಬೋರ್ಡಿನ ಪಕ್ಕದಲ್ಲಿದ್ದ ಆ ಕಪ್ಪನ್ನು ಎತ್ತಿ, ಮಾಲೀಕರಿಗೂ ಸರ್‌ಗೂ ನಡುವೆ, ಮೇಜಿನ ಮಧ್ಯದಲ್ಲಿ ಇಟ್ಟಳು. ತುಳುಕದಂತೆ, ಮೆಲ್ಲಗೆ.

"ಇದು ನಿಮ್ಮದ್ರಿ ಸರ್. ಇನ್ ಮ್ಯಾಲೆ ಇದನ್ನ ನೀವ ತೊಳಕೋರಿ."

ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದು ಹೋದಳು. ಮಾಲೀಕರು ಕಪ್ಪಿನೊಳಗೆ ನೋಡಿ ಕರ್ಚೀಫು ಮೂಗಿಗೆ ಹಿಡಿದುಕೊಂಡರು. ಸರ್ ನಕ್ಕರು. ಹಲ್ಲೆಲ್ಲ ಕೆಂಪಾಗಿ, "ಈಗಿನ ಹುಡುಗ್ಯಾರು ನೋಡ್ರಿ" ಎಂದು ನಕ್ಕರು.

ಮರುದಿನ ಸರ್ ಆ ಸೈಟನ್ನು ಸರಿ ಮಾಡಲು ನನಗೆ ಹೇಳಿದರು. ನೆಟ್ಟಿನಲ್ಲಿದ್ದ ಪುಟವನ್ನು ಬಿಚ್ಚಿ ನೋಡಿದೆ. ಅಕ್ಕ ಬರೆದ ಹಳೆಯ ಸಾಲುಗಳು ಒಂದೂ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಬಿಟ್ಟುಹೋದಂತೆ ಇರಲಿಲ್ಲ, ಗುಡಿಸಿ ಒರೆಸಿದಂತೆ ಇತ್ತು. ಮನುಷ್ಯರ ಕೈ ಹಾಗೆ ಅಳಿಸುವುದಿಲ್ಲ. ನನ್ನ ಕುರ್ಚಿಯನ್ನು ತಿರುಗಿಸಿ, ಅಕ್ಕನ ಸಾಲೆಲ್ಲ ಯಾರು ತೆಗೆದದ್ದು ಎಂದು ಕೇಳಿದೆ. ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಅಷ್ಟು ಕಷ್ಟವನ್ನೂ ಅವರು ತೆಗೆದುಕೊಳ್ಳಲಿಲ್ಲ.

"ಟೂಲ್ ತಗದಿರಬೇಕು. ಏರಿಸೂ ಮೊದಲ ನಾನ ಓಡಿಸಿದ್ದೆ. ಈಗಿನ ಹೊಸ ಬ್ರೌಸರಿಗಷ್ಟ ಅಂತ ಇಟ್ಟಿದ್ದೆ, ಹಳೇವನ್ನೆಲ್ಲಾ ಕಸ ಅಂತ ತಿಳದು ಕಿತ್ತೈತಿ."

"ನಿನ್ನೆ ಫೋನ್ ನೋಡಿದಾಗ ನಿಮಗ ಗೊತ್ತಾತೇನ್ರಿ?"

"ಗೊತ್ತಾಗದ ಏನು? ಗಿರಾಕಿ ಮುಂದ ನಾನ ತಪ್ಪ ಒಪ್ಪಿಕೊಂಡ್ರ ಅಂಗಡಿ ನಡೀತೈತೇನವಾ?"

"ಆ ಟೂಲ್ ಸೋಮಾರಿಗಳ ಕೆಲಸ ಅಂದಿದ್ರಿ ನೀವು."

ಆಗ ಅವರು ಹೇಳಿದ್ದು ಇದು. ಮೊದಲಿನಿಂದಲೂ ಎಲ್ಲ ಕೆಲಸವನ್ನೂ ಅವರು ಆ ಟೂಲಿನಿಂದ ಹಾಯಿಸಿಯೇ ಕಳಿಸುತ್ತಿದ್ದರಂತೆ. ನಾವು ಬೆರಳು ನೋಯುವಂತೆ ಬರೆದ ಸಾಲುಗಳನ್ನು ಅದು ತೆಗೆದು, ತನ್ನವನ್ನು ಹಾಕಿಕೊಳ್ಳುತ್ತಿತ್ತಂತೆ. ಹಾಗಾದರೆ ನಮ್ಮಿಂದ ಯಾಕೆ ಬರೆಸುತ್ತಿದ್ದಿರಿ ಎಂದು ಕೇಳಿದೆ.

"ಕೈ ಖಾಲಿ ಇದ್ರ ಬಾಯಿ ಮಾತಾಡ್ತಾವ," ಎಂದರು. ಎಂದು, ಉಗುಳಲು ಕಪ್ಪು ಹುಡುಕಿದರು.

ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಸಿಟ್ಟಿನಲ್ಲಿ ಒಂದು ಶುದ್ಧತೆ ಇರುತ್ತದೆ. ನನಗೆ ಬಂದದ್ದು ಅಸಹ್ಯ, ಊಟದಲ್ಲಿ ಕೂದಲು ಸಿಕ್ಕಾಗ ಬರುವಂಥದ್ದು. ಆಗಲೇ ನುಂಗಿದ್ದು ಎಷ್ಟು ಎಂದು ಯೋಚಿಸಿದಷ್ಟೂ ಹೆಚ್ಚಾಗುವಂಥದ್ದು. ಆ ಮನುಷ್ಯನ ಮಾತು ಕೇಳಿ ನಾನು ಬಸ್ಸಿನಲ್ಲಿ ಮೊಣಕಾಲ ಮೇಲೆ ಬೆರಳಾಡಿಸಿದ್ದೆ.

ಅಕ್ಕನ ಸಾಲುಗಳು ಅವಳ ಕಂಪ್ಯೂಟರಿನಲ್ಲಿ ಹಾಗೇ ಇದ್ದವು. ಅವನ್ನು ತಂದು ಮತ್ತೆ ಜೋಡಿಸಿದೆ. ಪುಟದ ಕೆಳಗೆ ಅವಳ ಹೆಸರನ್ನೂ ಹಾಕಿ, ಟೂಲಿಗೆ ಕೊಡದೆ ನಾನೇ ನೆಟ್ಟಿಗೆ ಏರಿಸಿದೆ. ಅಷ್ಟು ಮಾಡಿ ಎದ್ದು ಬಂದವಳು ಆ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ. ಅಲ್ಲಿಂದ ನೇರ ಉಗರಗೋಳಕ್ಕೆ ಹೋಗಿ ಮಾಲೀಕರಿಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು, ಚಹಾ ತರಿಸಿದರು. ಹೌದೇನು ತಂಗಿ, ಪಾಪ ಎಂದರು. ಆಮೇಲೆ, ನಮಗೇನು, ಸೈಟ್ ನಡೆದರೆ ಸಾಕು, ಸರ್ ಜೊತೆ ಇನ್ನೂ ಕೆಲಸ ಇದೆ ಎಂದರು. ಕೆಲವು ದಿನ ಬಿಟ್ಟು ನೋಡಿದಾಗ ಪುಟದ ಕೆಳಗೆ ಸರ್ ಅವರ ಹೆಸರಿತ್ತು. ಬಟನ್ ಮಾತ್ರ ಅಕ್ಕ ಇಟ್ಟ ಜಾಗದಲ್ಲೇ ಇತ್ತು.

ಸರ್ ಬೆಳೆದರು. ಬೇರೆ ದೊಡ್ಡ ಜಾಗಕ್ಕೆ ಹೋದರು, ಕಾಲೇಜುಗಳವರು ಅತಿಥಿಯಾಗಿ ಕರೆಯತೊಡಗಿದರು. ನಾನು ಎಂಸಿಎ ಮಾಡಿಕೊಂಡು ರಾಮದುರ್ಗದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ. ಒಮ್ಮೆ ನಮ್ಮ ಕಾಲೇಜಿಗೂ ಅವರು ಬಂದರು. ವೇದಿಕೆಯಿಂದ ಇಳಿದು ಬಂದು, ಎಲ್ಲರ ಎದುರು ನನ್ನ ತಲೆಯ ಮೇಲೆ ಕೈಯಿಟ್ಟು, ಇಕಿ ನನ್ನ ಶಿಷ್ಯೆ ಎಂದರು. ಫೋಟೋ ತೆಗೆದರು. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಎಷ್ಟು ಸೋಪು ಹಚ್ಚಿದರೂ ಆ ಅಂಗೈಯ ತೂಕ ಹೋಗಲಿಲ್ಲ.

ಅದಕ್ಕಿಂತ ಅಸಹ್ಯದ್ದು ಇನ್ನೊಂದಿದೆ. ಇವತ್ತಿಗೂ ಪ್ರಿಫಿಕ್ಸ್ ಪಾಠ ಬಂದರೆ, ಈಗ ಇವೆಲ್ಲವನ್ನೂ ಟೂಲೇ ನೋಡಿಕೊಳ್ಳುತ್ತದೆ ಎಂದು ಹೇಳುವ ಮೊದಲು, ಮೂಲದಲ್ಲಿ ಯಾಕೆ ಬೇಕಾಗಿತ್ತು ಎಂದು ಮಕ್ಕಳಿಗೆ ತಿಳಿಸಬೇಕಾಗುತ್ತದೆ. ಆಗ ನನ್ನ ಬಾಯಿಂದ ಬರುವುದು ಆ ಬೀಗರ ಮಾತೇ. ಬೇರೆ ಹೋಲಿಕೆ ಹುಡುಕಿದೆ, ಯಾವುದೂ ಅಷ್ಟು ಸರಿಹೊಂದಲಿಲ್ಲ. ಮಕ್ಕಳು ನಗುತ್ತಾರೆ, ಅವರಿಗೆ ತಿಳಿಯುತ್ತದೆ. ನನಗೆ ನನ್ನ ನಾಲಿಗೆಯನ್ನು ಕಿತ್ತು ತೊಳೆಯಬೇಕೆನಿಸುತ್ತದೆ. ಇಷ್ಟೆಲ್ಲ ಬರೆಯುವಾಗಲೂ ಅವರು, ಬಂದರು, ಹೇಳಿದರು ಎಂದೇ ಬರೆಯುತ್ತಿದ್ದೇನೆ. ಒಮ್ಮೆ ಏಕವಚನದಲ್ಲಿ ಬರೆದು ನೋಡಿದೆ, ಕೈ ಏಳಲಿಲ್ಲ. ಗುರು ಎಂದು ಒಮ್ಮೆ ಒಳಗೆ ಬಿಟ್ಟುಕೊಂಡವರನ್ನು ಹೊರಗೆ ಹಾಕುವುದು ಹೇಗೆ ಎಂದು ಯಾರೂ ನನಗೆ ಕಲಿಸಲಿಲ್ಲ...

ಬಸ್ಸು ಬಂತು. ಮನೋಳಿಯಲ್ಲಿ ಇಳಿದು ಅಕ್ಕನ ಹಿಟ್ಟಿನ ಗಿರಣಿಗೆ ನಡೆದೆ. ಬೈಲಹೊಂಗಲ ಬಿಟ್ಟ ಮೇಲೆ ಅವಳು ಸವದತ್ತಿಯಲ್ಲಿ ಕೋಣೆ ಹಿಡಿಯಲಿಲ್ಲ. ಒಂದೆರಡು ಕಡೆ ಕೆಲಸ ಕೇಳಿದ್ದಳು. ಅಷ್ಟರಲ್ಲಿ ಯಾತ್ರಿನಿವಾಸದ ಸೈಟ್ ಕೆಡಿಸಿದವಳು ಎಂಬ ಮಾತು ಅವಳಿಗಿಂತ ಮುಂಚೆ ಅಲ್ಲಿ ಹೋಗಿ ಕುಳಿತಿತ್ತು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಅಣ್ಣನ ಗಿರಣಿಯನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ರೆಪ್ಪೆಯ ಮೇಲೆಲ್ಲ ಹಿಟ್ಟು. ನನ್ನನ್ನು ನೋಡಿ ಮೋಟರು ಬಂದ್ ಮಾಡಿದಳು.

"ಸರ್ ಹೋದ್ರಂತ ಅಕ್ಕಾ," ಎಂದೆ.

"ಯಾವ ಸರ್?"

ಹೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡಳು. "ಪಾಠ ಚೊಲೊ ಹೇಳ್ತಿದ್ರು," ಎಂದಳು.

ನನಗೆ ತಡೆಯಲಾಗಲಿಲ್ಲ. "ಅಷ್ಟನ? ನಿನಗ ಅಷ್ಟ ನೆನಪೈತೇನು?"

"ಎಲ್ಲಾ ನೆನಪೈತಿ. ಆದ್ರ ಚೊಲೊ ಹೇಳ್ತಿದ್ರು, ಅದನ ಹೊಟ್ಟಿ ಉರಿಸೂದು. ಕೆಟ್ಟ ಹೇಳಿದ್ರ ನಾ ಮೊದಲನ ದಿನಾನ ಎದ್ದು ಬರ್ತಿದ್ದೆ." ತಕ್ಕಡಿಯ ತಟ್ಟೆ ಕೊಡವಿ ಇಟ್ಟಳು. "ಕಾಲಿಗೆ ಬೀಳಂದಾಗ ನಾ ಬೀಳಬಾರದಿತ್ತು. ಅದು ಒಂದ ನನ್ನ ಮನಸಿನಾಗಿಂದ ಹೋಗವಲ್ದು."

ಬಾ ಅಕ್ಕಾ, ಈಗಲೂ ಏನೂ ತಡವಾಗಿಲ್ಲ, ನಮ್ಮ ಕಾಲೇಜಿನ ಲ್ಯಾಬಿಗೆ ಒಬ್ಬರು ಬೇಕಾಗಿದ್ದಾರೆ, ನಾನೇ ಮಾತಾಡುತ್ತೇನೆ ಎಂದೆ. ಅವಳು ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ.

"ಈಗ ಆ ಸಾಲು ಯಾರೂ ಕೈಲೆ ಬರಿಯಂಗಿಲ್ಲ, ಹೌದಿಲ್ಲೋ?"

"ಇಲ್ಲ. ತಾನ ಹಾಕ್ಕೋತೈತಿ. ಬ್ರೌಸರೂ ಸುಧಾರಿಸ್ಯಾವು, ಭಾಳ ಕಡೆ ಬೇಕಾಗೂದೂ ಇಲ್ಲ."

"ಚೊಲೊ ಆತು ಬಿಡು," ಎಂದಳು. "ನನಗ ಸರಿಯಾಗಿ ಬರ್ತಿದ್ದದ್ದು ಅದೊಂದ ಇತ್ತು."

ಆ ಮಾತಿನಲ್ಲಿ ದೂರು ಇರಲಿಲ್ಲ. ಹೆಂಗಸೊಬ್ಬಳು ಜೋಳದ ಡಬ್ಬಿ ತಂದು ಇಳಿಸಿದಳು. ಅಕ್ಕ ಎದ್ದು ತೂಗಿ, ಕಾಳನ್ನು ಸುರಿದು, ಮೋಟರು ಚಾಲೂ ಮಾಡಿದಳು. ಗೋಡೆ, ನೆಲ ಎಲ್ಲ ಅದುರತೊಡಗಿದವು, ಮಾತು ಕೇಳದಾಯಿತು. ಕುಂದ್ರು, ಉಂಡು ಹೋಗು ಎಂದು ಅವಳು ಕೈಸನ್ನೆ ಮಾಡಿದಳು. ಕಟ್ಟೆಯ ಮೇಲೆ ಕುಳಿತುಕೊಂಡೆ. ಸರ್ ಸತ್ತ ಸುದ್ದಿಗೆ ಬಾರದ ಅಳು ಆಗ ಬಂತು. ಹಿಟ್ಟಿನ ಧೂಳಿನಲ್ಲಿ, ಆ ಸದ್ದಿನಲ್ಲಿ, ನನ್ನ ಅಕ್ಕನ ಬೆನ್ನಿನ ಹಿಂದೆ ಕುಳಿತು ಜೋರಾಗಿಯೇ ಅತ್ತೆ. ಅವಳು ತಿರುಗಿ ನೋಡಲಿಲ್ಲ. ಹಿಟ್ಟು ಬೀಳುವಲ್ಲಿ ಕೈಯೊಡ್ಡಿ, ಬೆರಳಲ್ಲಿ ಉಜ್ಜಿ, ನುಣ್ಣಗಾಗಿದೆಯೇ ಎಂದು ನೋಡುತ್ತ ನಿಂತಿದ್ದಳು.